ಅಂತರ್ಜಾಲದ ಹರಾಜುಕಟ್ಟೆ ಮತ್ತು ಹವ್ಯಾಸಿ ಸಂಗ್ರಾಹಕರು

ಅಂಚೆಚೀಟಿ, ಹಳೆಯ ನಾಣ್ಯ, ಕ್ರೀಡಾಪಟುಗಳ ಚಿತ್ರವಿರುವ ಕಾರ್ಡು ಮುಂತಾದವನ್ನು ಕೂಡಿಡುವವರು ತಮ್ಮಲ್ಲಿ ಹೆಚ್ಚಾದುದನ್ನು ಮಾರಿ ಇಲ್ಲದುದನ್ನು ಕೊಳ್ಳುವುದು ಹಳೆಯ ರೂಢಿ. 1995ರಲ್ಲಿ ಅಮೆರಿಕದಲ್ಲಿ ಪಿಯರ್ ಒಮಿದ್ಯಾರ್ ಆರಂಭಿಸಿದ, ಈಗ ಈಬೇ ಎಂದು ಹೆಸರಾಗಿರುವ ಹರಾಜುಕಟ್ಟೆಯು ಈ ವಿನಿಮಯವನ್ನು ಜಗತ್ತಿಗೇ ವಿಸ್ತರಿಸಿತು. ಆದರೆ ಅದರ ಶುಲ್ಕದ ಭಾರ ಯಾರ ಮೇಲೆ ಹೆಚ್ಚು ಬೀಳುತ್ತದೆ ಎಂಬುದನ್ನು ನಾವು ಲೆಕ್ಕ ಹಾಕಿ ನೋಡಬೇಕು.

2008ರಲ್ಲಿ ಸಂಸ್ಥೆಯು ವಸ್ತುವನ್ನು ಹರಾಜಿಗಿಡುವ ಶುಲ್ಕವನ್ನು ಇಳಿಸಿ, 25 ಡಾಲರ್‌ವರೆಗಿನ ಮೊತ್ತಕ್ಕೆ ಮಾರಾಟ ಶುಲ್ಕವನ್ನು ಶೇ. 5.25ರಿಂದ 8.75ಕ್ಕೆ ಏರಿಸಿತು. ಆ ಫೆಬ್ರವರಿಯಲ್ಲಿ ಅನೇಕ ಮಾರಾಟಗಾರರು ಒಂದು ವಾರ ಬಹಿಷ್ಕಾರ ಹೂಡಿದರು, ಏರಿಕೆ ನಿಲ್ಲಲಿಲ್ಲ. 2025ರ ಫೆಬ್ರವರಿಯಲ್ಲಿ ಅಮೆರಿಕದ ಸಾಮಾನ್ಯ ಮಾರಾಟಗಾರರಿಗೆ ಬಹುತೇಕ ವಿಭಾಗಗಳಲ್ಲಿ ಅದು ಶೇ. 13.6 ಆಯಿತು. ಹತ್ತು ಡಾಲರ್ ಮೀರಿದ ಪ್ರತಿ ಮಾರಾಟಕ್ಕೆ 40 ಸೆಂಟ್ ಪ್ರತ್ಯೇಕ. ಅಂಚೆವೆಚ್ಚವೂ ಶುಲ್ಕದ ಲೆಕ್ಕಕ್ಕೆ ಸೇರುತ್ತದೆ.

12 ಡಾಲರ್‌ನ ವಸ್ತುವನ್ನು 4 ಡಾಲರ್ ಅಂಚೆವೆಚ್ಚದೊಡನೆ ಮಾರಿದರೆ, ತೆರಿಗೆಯನ್ನು ಬದಿಗಿಟ್ಟರೂ, ಕಡಿತವು ಸುಮಾರು 2.58 ಡಾಲರ್. ಅಂದರೆ ವಸ್ತುವಿನ ಬೆಲೆಯ ಶೇ. 21ಕ್ಕೂ ಹೆಚ್ಚು. ಅದೇ ಅಂಚೆವೆಚ್ಚದಲ್ಲಿ 1,200 ಡಾಲರ್‌ನ ವಸ್ತು ಮಾರುವವನಿಗೆ ಅದು ಶೇ. 14ನ್ನೂ ಮುಟ್ಟುವುದಿಲ್ಲ. ದರ ಒಂದೇ, ಹೊರೆ ಬೇರೆ.

ಹಣ ಪಾವತಿಯ ವ್ಯವಸ್ಥೆ, ವಂಚನೆಯ ತಡೆ ಇವುಗಳಿಗೆ ಖರ್ಚುಂಟು. ಸಂಸ್ಥೆಯು ಪುಕ್ಕಟೆ ಸೇವೆ ನೀಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಅಗ್ಗದ ವಸ್ತುಗಳು ಮಾರುಕಟ್ಟೆಯಿಂದ ಮರೆಯಾದರೆ, ಹವ್ಯಾಸಕ್ಕೆ ಹೊಸದಾಗಿ ಬರುವ ಬಾಲಕರಿಗೆ ಬಾಗಿಲು ಮುಚ್ಚಿದಂತೆಯೇ. ಇದನ್ನು ಸಂಸ್ಥೆಯೂ ಸ್ವಲ್ಪಮಟ್ಟಿಗೆ ಮನಗಂಡಂತಿದೆ. ಖಾಸಗಿ ಮಾರಾಟಗಾರರಿಗೆ ಜರ್ಮನಿಯಲ್ಲಿ 2023ರಲ್ಲೂ ಬ್ರಿಟನ್ನಿನಲ್ಲಿ 2024ರಲ್ಲೂ ಮಾರಾಟ ಶುಲ್ಕವನ್ನು ಬಹುಮಟ್ಟಿಗೆ ತೆಗೆದುಹಾಕಿತು. ಆದರೆ ಬ್ರಿಟನ್ನಿನಲ್ಲಿ 2025ರಲ್ಲಿ ಕೊಳ್ಳುವವರ ಮೇಲೆ ರಕ್ಷಣಾ ಶುಲ್ಕ ಬಂತು. ಕೊಳ್ಳುವವನು ಅಷ್ಟನ್ನು ಕಳೆದೇ ಹರಾಜು ಕೂಗುವುದರಿಂದ, ಹೊರೆಯ ಒಂದು ಪಾಲು ಮತ್ತೆ ಮಾರುವವನಿಗೇ ತಟ್ಟುತ್ತದೆ.

2004ರಲ್ಲಿ ಬಾಝೀಯನ್ನು ಕೊಂಡು ಭಾರತಕ್ಕೆ ಬಂದ ಈಬೇಯ ಇಲ್ಲಿನ ತಾಣ 2018ರಲ್ಲಿ ಮುಚ್ಚಿತು. ಇಂದು ಅಜ್ಜಿಯ ಪೆಟ್ಟಿಗೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುವೆವೆಂದು, ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, ಮುಂಗಡವಾಗಿ ಶುಲ್ಕ ಕೇಳುವ ವಂಚಕರಿದ್ದಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಕಮಿಷನ್ನನ್ನೂ ಕೇಳುವುದಿಲ್ಲ ಎಂದು ಬ್ಯಾಂಕು 2021ರ ಆಗಸ್ಟ್‌ನಲ್ಲಿಯೇ ಎಚ್ಚರಿಸಿದೆ. ಮಾರಿದ ಮೇಲೆ ಕಡಿತವಾಗುವುದು ಶುಲ್ಕ. ಮಾರುವ ಮೊದಲೇ ಕೇಳುವುದು ಬಹುಪಾಲು ಮೋಸ.

ಮಾರುವ ಹವ್ಯಾಸಿಗಳು ಬಿಡಿ ವಸ್ತುಗಳನ್ನು ಒಟ್ಟುಗೂಡಿಸಿ ಮಾರಿದರೆ ಅಂಚೆವೆಚ್ಚವೂ ಬಿಡಿ ಶುಲ್ಕವೂ ಹಂಚಿಹೋಗುತ್ತವೆ. ಅಗ್ಗದವುಗಳನ್ನು ಸ್ಥಳೀಯ ಸಂಗ್ರಾಹಕರ ಕೂಟಗಳಲ್ಲಿ ಕೈಯಿಂದ ಕೈಗೆ ವಿನಿಮಯ ಮಾಡಿಕೊಳ್ಳುವುದೇ ಲೇಸೆಂದು ನಮ್ಮ ಅಭಿಪ್ರಾಯ.