ಬೆತ್ತಲೆ ಯಾರದು?

ಎಂ. ಎಫ್. ಹುಸೇನ್ ಹೆಸರೆತ್ತಿದರೆ ನಮ್ಮಲ್ಲೇ ಕೆಲವರು ಮುಖ ತಿರುಗಿಸುತ್ತಾರೆ. 'ಕೋಟಿಗಟ್ಟಲೆಗೆ ಚಿತ್ರ ಮಾರಿದವನು, ಅವನ ಗೊಡವೆ ನಮಗ್ಯಾಕೆ?' ಅಂತಾರೆ. ಮಾತು ಸುಳ್ಳಲ್ಲ. ಮುಂಬಯಿಯಲ್ಲಿ ಸಿನಿಮಾ ಬೋರ್ಡು ಬರೆದು ಹೊಟ್ಟೆ ಹೊರೆದವನು ಆಮೇಲೆ ಸಿರಿವಂತರ ಗೋಡೆ ಸೇರಿದ. 1975ರ ತುರ್ತುಪರಿಸ್ಥಿತಿಯಲ್ಲಿ, ಜನ ಜೈಲಿನಲ್ಲಿ ಕೊಳೆಯುತ್ತಿದ್ದಾಗ, ಇಂದಿರಾ ಗಾಂಧಿಯನ್ನು ದುರ್ಗೆಯಾಗಿ ಬರೆದ. ಇದನ್ನು ನಾವು ಮರೆಯಬೇಕಿಲ್ಲ.

ಆದರೆ ಅವನ ಬೆನ್ನು ಹತ್ತಿದವರು ಈ ತಪ್ಪಿಗಾಗಿ ಹತ್ತಲಿಲ್ಲ. 1970ರ ದಶಕದಲ್ಲಿ ಅವನು ಬರೆದ ಸರಸ್ವತಿಯ ಬೆತ್ತಲೆ ಗೆರೆಚಿತ್ರ 1996ರಲ್ಲಿ ಭೋಪಾಲದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅಷ್ಟು ವರ್ಷ ಸುಮ್ಮನಿದ್ದವರಿಗೆ ಏಕಾಏಕಿ ಕಣ್ಣು ಚುಚ್ಚಿತು! ಅದೇ ವರ್ಷ ಬಜರಂಗದಳದವರು ಅಹಮದಾಬಾದಿನ ಗ್ಯಾಲರಿಗೆ ನುಗ್ಗಿ ಚಿತ್ರಗಳನ್ನು ನಾಶ ಮಾಡಿದರು. 1998ರಲ್ಲಿ ಅವನ ಮುಂಬಯಿ ಮನೆಗೇ ನುಗ್ಗಿದರು. 2006ರಲ್ಲಿ 'ಭಾರತಮಾತೆ' ಎಂಬ ಇನ್ನೊಂದು ಬೆತ್ತಲೆ ಚಿತ್ರದ ಗಲಾಟೆ. ಊರೂರಲ್ಲಿ ಕೇಸು. ಮುದುಕ ದೇಶ ಬಿಟ್ಟ.

ಬೆತ್ತಲೆ ಕಂಡರೆ ಇವರಿಗೆ ಇಷ್ಟು ಸಂಕಟವೇ? ಹಾಗಾದರೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಮಾತಾಡೋಣ. ರೇಣುಕಾಂಬೆಯ ಜಾತ್ರೆಯಲ್ಲಿ ನಮ್ಮ ಕೇರಿಯ ಅಕ್ಕತಂಗಿಯರು, ಹಿಂದುಳಿದ ಜಾತಿಯ ಬಡ ಹೆಂಗಸರು, ವರದಾ ನದಿಯಲ್ಲಿ ಮಿಂದು ಬೆತ್ತಲೆ ನಡೆದು ಗುಡಿಗೆ ಹೋಗುತ್ತಿದ್ದರು. ಅದು ಗೆರೆಯಲ್ಲ, ರಕ್ತಮಾಂಸ. ಅದಕ್ಕೆ 'ಸೇವೆ' ಅಂತ ಹೆಸರು! 1986ರಲ್ಲಿ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರನ್ನೂ ಪೊಲೀಸರನ್ನೂ ಗುಂಪು ಬಡಿದು, ಬಟ್ಟೆ ಕಿತ್ತು ಮೆರವಣಿಗೆ ಮಾಡಿತು. ಸರ್ಕಾರ ನಿಷೇಧಿಸಿದ್ದು ಆಮೇಲೆ. ಕಾಗದದ ದೇವಿಗೆ ಸೀರೆ ಉಡಿಸಲು ಓಡುವವರು ಆ ತಾಯಂದಿರಿಗೆ ಒಂದು ಮೊಳ ಬಟ್ಟೆ ಹಿಡಿದು ಓಡಿದರೇನು ಸ್ವಾಮಿ?

2008ರಲ್ಲಿ ದೆಹಲಿ ಹೈಕೋರ್ಟು 'ಭಾರತಮಾತೆ' ಕೇಸುಗಳನ್ನು ರದ್ದು ಮಾಡಿತು. ಕೋರ್ಟು ಬಿಟ್ಟರೂ ಗುಂಪು ಬಿಡಬೇಕಲ್ಲ! 2010ರಲ್ಲಿ ಅವನು ಕತಾರಿನ ಪ್ರಜೆಯಾದ. 2011ರಲ್ಲಿ ಲಂಡನ್ನಿನಲ್ಲಿ ಸತ್ತ.

ಅವನು ಹುಟ್ಟಿದ್ದು ಪಂಢರಪುರದಲ್ಲಿ. ಮಹಾರರ ಚೋಖಾಮೇಳನನ್ನು ವಿಠಲನ ಗುಡಿಯ ಹೊರಗೇ ನಿಲ್ಲಿಸಿದ ಊರು ಅದು. ಆ ಬಾಗಿಲು ನಮ್ಮವರಿಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿ ಉಪವಾಸ ಕೂತ ಮೇಲೆ. ಅಂದು ಬಾಗಿಲು ಹಾಕಿದ ಬುದ್ಧಿಯೇ ಇಂದು ಚಿತ್ರ ಹರಿಯುತ್ತದೆ. ಹುಸೇನನಿಗೆ ನಾವು ಹಾರ ಹಾಕಬೇಕಿಲ್ಲ. ಆದರೆ ತಲೆತಲಾಂತರ ಹೊರಗೆ ನಿಂತವರು, ಇನ್ನೊಬ್ಬನನ್ನು ಹೊರಗಟ್ಟುವಾಗ ಬಾಯಿ ಮುಚ್ಚಿಕೊಂಡರೆ, ಆ ಬಾಗಿಲಿಗೆ ನಾವೇ ಅಗಳಿ ಹಾಕಿದಂತೆ.