ವಯೋಮಿತಿ ಹೋಯಿತು, ಅಡ್ಡಿಗಳು ಉಳಿದವು

ನೀಟ್ ಪರೀಕ್ಷೆಗೆ 2017ರಲ್ಲಿ ಗರಿಷ್ಠ ವಯೋಮಿತಿ ವಿಧಿಸಲಾಯಿತು: ಸಾಮಾನ್ಯ ವರ್ಗಕ್ಕೆ 25, ಮೀಸಲು ವರ್ಗಗಳಿಗೆ 30. ವರ್ಷಗಟ್ಟಲೆ ನಡೆದ ವ್ಯಾಜ್ಯಗಳ ಬಳಿಕ 2022ರ ಮಾರ್ಚ್‌ನಲ್ಲಿ ಆ ಮಿತಿ ರದ್ದಾಯಿತು. ಇಂದು ಮೂವತ್ತೈದರ ಗೃಹಿಣಿಯೂ ಹದಿನೇಳರ ಬಾಲಕಿಯೂ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರಿಸಬಹುದು.

ಆದರೆ ಸಂಸಾರಸ್ಥರ ಹಾದಿ ಇನ್ನೂ ಸುಗಮವಾಗಿಲ್ಲ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷಗಳ ವ್ಯಾಸಂಗ. ಅನಂತರ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಇದಕ್ಕೆ ಸಂಜೆ ಕಾಲೇಜಾಗಲಿ ಅಂಚೆ ಶಿಕ್ಷಣವಾಗಲಿ ಇಲ್ಲ. ಆದುದರಿಂದ ಕಾಲೇಜು ಯಾವ ಊರಿನಲ್ಲಿ ಎಂಬುದೇ ಕುಟುಂಬಕ್ಕೆ ನಿರ್ಣಾಯಕ ಪ್ರಶ್ನೆ.

ಹೊರನಾಡ ಕನ್ನಡಿಗರಿಗೆ ಈ ಪ್ರಶ್ನೆ ಮತ್ತಷ್ಟು ಕಠಿಣ. ಬೆಳಗಾವಿಯಲ್ಲೋ ಮೂಡಬಿದಿರೆಯಲ್ಲೋ ಓದಿ, ಮದುವೆಯಾಗಿ ಪುಣೆಗೆ ಬಂದ ಸೊಸೆಯನ್ನು ಪರಿಗಣಿಸೋಣ. ಮಹಾರಾಷ್ಟ್ರದ ರಾಜ್ಯ ಕೋಟಾ ಸಾಮಾನ್ಯವಾಗಿ ಅಲ್ಲಿಯೇ ಹತ್ತು, ಹನ್ನೆರಡನೆಯ ತರಗತಿ ತೇರ್ಗಡೆಯಾದವರಿಗೆ ಮೀಸಲು. ಏಳು ವರ್ಷ ಕರ್ನಾಟಕದಲ್ಲಿ ಓದಿದ ಆಧಾರದ ಮೇಲೆ ಇಲ್ಲಿನ ಕೋಟಾ ದೊರೆತರೂ ಗಂಡ, ಮಕ್ಕಳು ದೂರ. ಸರ್ಕಾರಿ ಕಾಲೇಜುಗಳ ಶೇ. 15ರ ಅಖಿಲ ಭಾರತ ಕೋಟಾದಲ್ಲಿ ಸೀಟು ಯಾವ ಮೂಲೆಯಲ್ಲಿ ಸಿಕ್ಕೀತೋ ಹೇಳಲಾಗದು. ಡೀಮ್ಡ್ ವಿಶ್ವವಿದ್ಯಾಲಯಗಳ ಶುಲ್ಕ ಮಧ್ಯಮ ವರ್ಗಕ್ಕೆ ಎಟುಕದು. ಮದುವೆಯ ನಂತರದ ವಾಸಸ್ಥಳವನ್ನೂ ರಾಜ್ಯ ಕೋಟಾದ ಅರ್ಹತೆಗೆ ಪರಿಗಣಿಸಬೇಕೆಂದು ಹೊರನಾಡ ಸಂಘಗಳು ಸರ್ಕಾರಗಳ ಮುಂದೆ ಒತ್ತಾಯಿಸಬೇಕು.

ನಲವತ್ತಕ್ಕೆ ವೈದ್ಯರಾಗುವವರ ಮೇಲೆ ಸಾರ್ವಜನಿಕ ಹಣ ಏಕೆ ಎಂಬ ಆಕ್ಷೇಪವುಂಟು. ಮೂವತ್ತೈದಕ್ಕೆ ಸೇರಿದವರು ನಲವತ್ತೊಂದರೊಳಗೆ ಪದವಿ ಪಡೆದು, ಎರಡು ದಶಕಕ್ಕೂ ಮಿಗಿಲಾಗಿ ರೋಗಿಗಳಿಗೆ ಒದಗಬಲ್ಲರು. ಸೀಟಂತೂ ಅಂಕಗಳಿಂದಲೇ ದಕ್ಕುವುದು. ಯಾರ ಪಾಲನ್ನೂ ಅವರು ಕಸಿಯುವುದಿಲ್ಲ.

ವಿವಾಹಿತೆಯರ ವೈದ್ಯಶಿಕ್ಷಣ ಹೊಸತೇನೂ ಅಲ್ಲ. ಕಲ್ಯಾಣದಲ್ಲಿ ಜನಿಸಿದ ಆನಂದಿಬಾಯಿ ಜೋಶಿಯವರು ಒಂಬತ್ತಕ್ಕೆ ವಿವಾಹಿತೆಯಾಗಿ, ಹಸುಗೂಸನ್ನು ಕಳೆದುಕೊಂಡು, 1886ರಲ್ಲಿ ಅಮೆರಿಕದಲ್ಲಿ ವೈದ್ಯಪದವಿ ಪಡೆದರು. ಕಾದಂಬಿನಿ ಗಂಗೂಲಿಯವರು ಮಕ್ಕಳ ತಾಯಿಯಾದ ಮೇಲೂ 1893ರಲ್ಲಿ ಬ್ರಿಟನ್ನಿಗೆ ಹೋಗಿ ಓದಿದರು. ಇಬ್ಬರಿಗೂ ಪತಿಯ ಬೆಂಬಲವಿತ್ತು.

ಇಂದು ಆ ಬೆಂಬಲ ಸಮಾಜದಿಂದಲೂ ಬರಬೇಕು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಬೋಧಿಸುವ ಸಮಾಜಕ್ಕೆ, ವೈದ್ಯವಿದ್ಯಾರ್ಥಿಗೆ ನೀಡುವ ನೆರವಿನಲ್ಲಿ ಔಷಧದಾನ, ಶಾಸ್ತ್ರದಾನಗಳೆರಡೂ ಸೇರಿವೆಯೆಂದು ಬೇರೆ ಹೇಳಬೇಕಿಲ್ಲ. ವಯಸ್ಸಿನ ಅಥವಾ ಅವಿವಾಹಿತರಿಗೆ ಮಾತ್ರವೆಂಬ ಷರತ್ತುಗಳಿರುವ ವಿದ್ಯಾರ್ಥಿವೇತನಗಳು ಅವನ್ನು ಕೈಬಿಡಲಿ; ಮಕ್ಕಳ ಪಾಲನೆಯ ವೆಚ್ಚವೂ ನೆರವಿನಲ್ಲಿ ಸೇರಲಿ. ಸೊಸೆ ಓದಲು ಕುಳಿತಾಗ ಒಲೆಯ ಹೊಣೆಯನ್ನು ಮನೆಯ ಗಂಡಸರು ಹೊರಲಿ. ಸುಧಾರಣೆ ಅಲ್ಲಿಂದ ಆರಂಭವಾಗಲಿ.