ಸೇವೆ ನಿಂತರೂ ಸಾಧನ ನಿಲ್ಲಬಾರದು

ಗೂಗಲ್ ಕಂಪನಿಯ ‘ಸ್ಟೇಡಿಯಾ’ ಗೇಮಿಂಗ್ ಸೇವೆ 2019ರ ನವೆಂಬರಿನಲ್ಲಿ ಶುರುವಾಗಿ 2023ರ ಜನವರಿ 18ರಂದು ಬಾಗಿಲು ಮುಚ್ಚಿತು. ಅದು ಭಾರತಕ್ಕೆ ಬರಲೇ ಇಲ್ಲ. ಆದರೂ ಅದರ ಕಂಟ್ರೋಲರಿಗೆ ಏನಾಯಿತು ಎಂಬುದನ್ನು ನಾವು ತಿಳಿದಿರಬೇಕು. ಏಕೆಂದರೆ ಬೆಂಗಳೂರಿನ ರಿಚರ್ಡ್ಸ್ ಟೌನಿನ ಯಾವುದೇ ಮನೆಯಲ್ಲಿ ಇಂದು ಯಾವುದೋ ದೂರದ ಸರ್ವರನ್ನು ನಂಬಿ ಕೊಂಡ ಗೇಮ್‌ಪ್ಯಾಡ್, ಕ್ಯಾಮೆರಾ, ಸ್ಪೀಕರುಗಳಿಗೆ ನಾಳೆ ಅದೇ ಗತಿ ಬರಬಹುದು. ಸ್ಟೇಡಿಯಾ ಕಂಟ್ರೋಲರಿನೊಳಗೆ ಬ್ಲೂಟೂತ್ ಚಿಪ್ ಮೊದಲ ದಿನದಿಂದಲೇ ಇತ್ತು. ಆದರೆ ಆಟವಾಡಲು ಅದನ್ನು ಬಳಸುವಂತಿರಲಿಲ್ಲ. ಕಂಟ್ರೋಲರ್ ವೈಫೈ ಮೂಲಕ ನೇರವಾಗಿ ಗೂಗಲ್ ಸರ್ವರಿನೊಂದಿಗೇ ಮಾತಾಡುತ್ತಿತ್ತು. ಸರ್ವರ್ ನಿಂತ ಮೇಲೆ ಉಳಿಯುವುದು ಕೇಬಲ್ ಸಿಕ್ಕಿಸಿ ಆಡುವ ದಾರಿಯೊಂದೇ. ಬಳಕೆದಾರರು ಪಟ್ಟು ಹಿಡಿದ ಮೇಲೆ, ಸೇವೆ ಮುಚ್ಚುವ ಹೊತ್ತಿಗೆ, ಬ್ಲೂಟೂತ್ ತೆರೆಯುವ ಸೌಲಭ್ಯವನ್ನು ಕಂಪನಿ ತನ್ನ ಜಾಲತಾಣದಲ್ಲಿ ಕೊಟ್ಟಿತು. ಅದಕ್ಕೂ ಗಡುವು: ಮೊದಲು 2023ರ ಕೊನೆ, ಬಳಿಕ 2024ರ ಕೊನೆ, ಮತ್ತೆ 2025ರ ಡಿಸೆಂಬರ್ 31. ದುಡ್ಡು ಕೊಟ್ಟು ಮನೆಗೆ ತಂದ ವಸ್ತುವಿನ ಒಂದು ಭಾಗವನ್ನು ಬಳಸಲು, ಅದನ್ನು ಮಾರಿದವರ ಕೃಪೆಗೆ ಹೀಗೆ ವರ್ಷ ವರ್ಷ ಕಾಯಬೇಕಾದದ್ದು ತಪ್ಪು. ಸೇವೆ ನಿಲ್ಲಿಸುವ ಕಂಪನಿ ಸಾಧನದ ಬೀಗ ತೆಗೆದು, ಅದರ ಸಂಕೇತಗಳ ವಿವರವನ್ನು ಬಹಿರಂಗಪಡಿಸಿಯೇ ಹೋಗಬೇಕು. ಇದನ್ನು ಕಾನೂನೇ ಹೇಳಬೇಕು ಎಂಬುದು ನನ್ನ ವಾದ.

ವಿವರ ತೆರೆದಿದ್ದರೆ ಏನಾಗುತ್ತದೆ, ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಸಾಕ್ಷಿ. ಗುಂಡಿ ಒತ್ತಿದಾಗ ಕಂಟ್ರೋಲರ್ ಕಳಿಸುವ ಸಂಕೇತವನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವ ಪುಟ್ಟ ಪ್ರೋಗ್ರಾಮೇ ಡ್ರೈವರ್. ಸ್ಟೇಡಿಯಾ ಕಂಟ್ರೋಲರಿನ ಕಂಪನವನ್ನು ನಡೆಸುವ ಡ್ರೈವರ್ ಲಿನಕ್ಸಿಗೆ ಸೇರಿದ್ದು 6.6ನೇ ಆವೃತ್ತಿಯಲ್ಲಿ, 2023ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಸೇವೆ ಮುಚ್ಚಿ ಒಂಬತ್ತು ತಿಂಗಳಾಗಿತ್ತು. ವಾಲ್ವ್ ಕಂಪನಿ ತನ್ನ ‘ಸ್ಟೀಮ್ ಕಂಟ್ರೋಲರ್’ ತಯಾರಿಕೆಯನ್ನು 2019ರಲ್ಲಿ ಕೈಬಿಟ್ಟರೂ ಅದು ಲಿನಕ್ಸಿನಲ್ಲಿ ಇಂದಿಗೂ ನಡೆಯುತ್ತದೆ. ಅದರ ಡ್ರೈವರ್ 2018ರಲ್ಲೇ ಬಂದಿತ್ತು. ಹೊರಗಿನ ಸ್ವಯಂಸೇವಕರೊಬ್ಬರು ಸಾಧನದ ಸಂಕೇತಗಳನ್ನು ತಾವೇ ಬಿಡಿಸಿ ನೋಡಿ ಬರೆದದ್ದು. ಸೋನಿ 2021ರಲ್ಲಿ ತನ್ನ ಪ್ಲೇಸ್ಟೇಷನ್ ಕಂಟ್ರೋಲರಿಗೆ ತಾನೇ ಲಿನಕ್ಸ್ ಡ್ರೈವರ್ ಕೊಟ್ಟಿತು. ಅಂದರೆ ಕೆಲಸ ಹೇಗೋ ಆಗುತ್ತದೆ. ಆದರೆ ವಿವರ ಮುಚ್ಚಿಟ್ಟಾಗ ಅದು ಯಾರದೋ ಬಿಡುವಿನ ವೇಳೆ, ಯಾರದೋ ಹಟದ ಮೇಲೆ ನಿಲ್ಲುತ್ತದೆ. ನಮ್ಮ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಯವರು ಸವೆದ ಸ್ಟಿಕ್ ಬದಲಿಸಬಲ್ಲರು, ಬ್ಯಾಟರಿ ಹಾಕಬಲ್ಲರು, ಕಿತ್ತುಹೋದ ತಂತಿಗೆ ಬೆಸುಗೆ ಹಚ್ಚಬಲ್ಲರು. ಆದರೆ ಕಂಪನಿಯ ಡಿಜಿಟಲ್ ಸಹಿ ಇಲ್ಲದೆ ಬದಲಾಗದ, ಸಾಧನದೊಳಗಿನ ಫರ್ಮ್‌ವೇರ್ ತಂತ್ರಾಂಶದ ಎದುರು ಅವರ ಕೈಚಳಕವೆಲ್ಲ ನಿಷ್ಪ್ರಯೋಜಕ. ಗಟ್ಟಿಮುಟ್ಟಾದ ಸಾಧನ ಶಿವಾಜಿನಗರದ ಗುಜರಿಗೆ ಹೋಗುವುದು ಹೀಗೆ.

ವ್ಯಾಪಾರದ ಗುಟ್ಟು ಬಯಲಾಗುತ್ತದೆ ಎಂಬ ಆಕ್ಷೇಪವೇ ಮೊದಲು ಬರುವುದು. ಬೇರೆ ಕಂಪನಿಗಳಿಂದ ಪಡೆದ ಕೋಡ್ ಒಳಗಿರುತ್ತದೆ, ಅದನ್ನು ಹಂಚುವ ಹಕ್ಕು ತಮಗಿಲ್ಲ ಎಂದು ಕಂಪನಿಗಳು ಹೇಳುವುದರಲ್ಲಿ ಹುರುಳಿದೆ. ಇದಕ್ಕೆ ಉತ್ತರವನ್ನು ಗೂಗಲ್ಲೇ ಕೊಟ್ಟಿದೆ. 2016ರಲ್ಲಿ ನಿಂತುಹೋದ ಪೆಬಲ್ ಕೈಗಡಿಯಾರದ ತಂತ್ರಾಂಶ ಕೈ ಬದಲಾಗುತ್ತಾ ಅದರ ಬಳಿ ಬಂದಿತ್ತು. 2025ರ ಜನವರಿಯಲ್ಲಿ, ಹಂಚಲಾಗದ ಭಾಗಗಳನ್ನಷ್ಟೇ ತೆಗೆದು ಉಳಿದುದನ್ನೆಲ್ಲ ಅದು ಸಾರ್ವಜನಿಕರಿಗೆ ತೆರೆದಿಟ್ಟಿತು. ಕಂಟ್ರೋಲರಿನ ವಿಷಯದಲ್ಲಿ ಅಷ್ಟು ಕೂಡ ಬೇಡ. ಯಾವ ಗುಂಡಿಗೆ ಯಾವ ಸಂಕೇತ ಎಂಬ ಪಟ್ಟಿ ಮತ್ತು ಬೀಗ ತೆಗೆಯುವ ಕೊನೆಯ ಅಪ್‌ಡೇಟ್ ಸಾಕು. ಭದ್ರತೆಯ ಅಂಜಿಕೆಯೂ ನಿಜವೇ. ಆದರೆ ಮಾಲೀಕರೇ ಕೇಬಲ್ ಸಿಕ್ಕಿಸಿ, ಒಪ್ಪಿಗೆಯ ಗುಂಡಿ ಒತ್ತಿದ ಮೇಲಷ್ಟೇ ಬೀಗ ತೆರೆಯುವಂತೆ ಮಾಡಬಹುದು. ಸ್ಟೇಡಿಯಾದಲ್ಲಿ ಆದದ್ದೂ ಸುಮಾರಾಗಿ ಅದೇ. ಇನ್ನು, ಗೂಗಲ್ ಸಾಧನದ ಹಣವನ್ನೂ ಮರಳಿಸಿತಲ್ಲ ಎನ್ನುವವರಿಗೆ: ಹಣ ವಾಪಸಾದರೆ ಗ್ರಾಹಕರ ನಷ್ಟ ತುಂಬುತ್ತದೆ, ತಯಾರಾದ ಪ್ಲಾಸ್ಟಿಕ್ಕು, ಲಿಥಿಯಂ ಬ್ಯಾಟರಿ ಭೂಮಿಯ ಮೇಲೆಯೇ ಇರುತ್ತವೆ. ಆಟಿಕೆಗೆ ಇಷ್ಟೆಲ್ಲ ಬೇಕೇ ಎಂದು ಕೇಳುವವರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ರೋಬಾಟ್ ಓಡಿಸುವುದೂ ಇಂಥದೇ ಕಂಟ್ರೋಲರುಗಳಿಂದ ಎಂಬುದನ್ನು ನೆನೆಯಬೇಕು.

ನಮ್ಮ ಕಾನೂನು ಈ ದಿಕ್ಕಿನಲ್ಲಿ ಅರ್ಧ ದಾರಿ ಬಂದು ನಿಂತಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ–ತ್ಯಾಜ್ಯ ನಿಯಮಗಳು ವಿಡಿಯೊ ಗೇಮ್ ಸಾಧನಗಳನ್ನೂ ಒಳಗೊಂಡು, ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಅಲ್ಲಿ ಮರುಬಳಕೆ ಎಂದರೆ ಮುಖ್ಯವಾಗಿ ಒಡೆದು ಲೋಹ ತೆಗೆಯುವುದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ತೆರೆದ ‘ರಿಪೇರಿ ಹಕ್ಕು’ ಪೋರ್ಟಲ್ ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳಿಂದ ಆರಂಭವಾಯಿತು. ಸರ್ವರನ್ನು ನೆಚ್ಚಿಕೊಂಡ ಸಾಧನಗಳು ಐದನೆಯ ವಲಯವಾಗಲಿ. ಇದಕ್ಕೆ ಒತ್ತಾಯ ಬೆಂಗಳೂರಿನಿಂದಲೇ ಹೊರಡಬೇಕು ಎನ್ನುವುದಕ್ಕೆ ಕಾರಣವಿದೆ. ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ ಲಿನಕ್ಸ್ ಮೇಲೆ ನಡೆಯುತ್ತಿತ್ತು. ಅದರ ಹಾರ್ಡ್‌ವೇರ್ ವಿನ್ಯಾಸವನ್ನೂ ಇತರರು ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಕೊಡಲಾಗಿತ್ತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ, ಆದರೆ ಅದರ ಹಿಂದಿನ ವಿಚಾರ ಸೋತಿಲ್ಲ. ಡ್ರೈವರ್ ಬರೆಯುವವರಿಗೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೂ ಊರಿನಲ್ಲೇ ಒಂದು ಉತ್ತರವಿದೆ: ಇಲ್ಲಿನ ಜೆರೋಧಾ ಕಂಪನಿ 2024ರಲ್ಲಿ ಮುಕ್ತ ತಂತ್ರಾಂಶಕ್ಕಾಗಿ ವರ್ಷಕ್ಕೆ 10 ಲಕ್ಷ ಡಾಲರ್ ನಿಧಿ ಘೋಷಿಸಿದೆ. ಅಂಥ ಹಣ ಡ್ರೈವರ್ ಬರೆಯುವವರಿಗೆ ಸಲ್ಲಬೇಕು. ಸಂಕೇತದ ಪಟ್ಟಿಯನ್ನು, ಸೇವೆ ಆರಂಭಿಸುವ ದಿನವೇ ಸರ್ಕಾರದ ಬಳಿ ಠೇವಣಿ ಇಡುವ ಖರ್ಚು ಕಂಪನಿಯದೇ ಆಗಿರಲಿ. ಕಂಪನಿ ದಿವಾಳಿಯಾದ ಮೇಲೆ ಅದನ್ನು ಕೊಡಲು ಅಲ್ಲಿ ಯಾರೂ ಇರುವುದಿಲ್ಲ.